ಗಿಡ್ಡ ಹಾಸಿಗೆ

ಕ್ಲೈಪೆಡಾ ಬಂದರು. ರಾತ್ರಿ ಎರಡೂ ಕಾಲು.
ಕೀಲ್‌ನ ಹಡಗಿಗೆ ಇನ್ನು ಮೂರೇ ತಾಸು.

ಶುಕ್ರವಾರ ನೀನು ಒತ್ತಿದ್ದು ಒಂದೇ ಗುಂಡಿ, ಮಾಂತ್ವಿದಾಸ್.
ಮೇಲ್ದರ್ಜೆಗೇರಿಸಲೇ ಎಂದು ಕೇಳಿತು.
ಬೇಡ ಅನ್ನಲು ಯಾರಿಗೆ ಮನಸ್ಸು ಬರುತ್ತದೆ?
ಸರಕಿನ ಪಟ್ಟಿ ಹೊತ್ತ ವರ್ಚುವಲ್ ಯಂತ್ರ
ಇಪ್ಪತ್ತೊಂದನೆಯ ಆವೃತ್ತಿಯ ಮೈ ತೊಟ್ಟು
ಹೊಸ ಸರ್ವರಿನಲ್ಲಿ ಕಾಲು ಚಾಚಿ ಮಲಗಿತು.

ಈಗ ಆ ಹೊಸತೇ ಕೆಟ್ಟು ಕೂತಿದೆ.
ಹಳೆಯವೆರಡು ಗುರ್ರೆನ್ನುತ್ತ ಎಚ್ಚರವಾಗೇ ಇವೆ.
ಜಾಗವಿದೆ, ಕರೆಂಟಿದೆ,
ಬಾಗಿಲು ಮಾತ್ರ ಗಿಡ್ಡ.
ಹದಿನೈದರಾಚೆ ಎಣಿಸಲು
ಅವಕ್ಕೆ ಯಾರೂ ಕಲಿಸಲಿಲ್ಲ.

ಔದ್ರೊನೆ ಬೈಯುತ್ತಾಳೆ ಅಂದುಕೊಂಡೆಯಾ?
ಇಲ್ಲ. ಕಾಫಿ ಕುಡಿ. ಇಷ್ಟು ಕೇಳು:
ಮನೆಯಲ್ಲಿ ಮೂರು ಹಾಸಿಗೆಯಿದ್ದರೆ
ಗಿಡ್ಡದ್ದನ್ನು ನೋಡಿ ಕಾಲು ಚಾಚಬೇಕು.

ಬಾ, ಬರಿಯ ಮೈಯೊಂದು ಮಾಡು.
ಹದಿನೈದು ಎಂದು ಬರೆ. ಒಳಗೇನೂ ತುಂಬಬೇಡ.
ಡಿಸ್ಕು, ಪುಣ್ಯಕ್ಕೆ, ಬೇರೆ ಕಪಾಟಿನಲ್ಲಿದೆ,
ಎಳೆದು ತಂದು ಇದಕ್ಕೆ ಜೋಡಿಸು.
ಪರಕಾಯ ಪ್ರವೇಶ.
ಮಂತ್ರವಿಲ್ಲ, ಅಂಗೈ ಬೆವರು ಅಷ್ಟೆ.

ಎದ್ದಿತು!
ನೆಟ್‌ವರ್ಕ್ ಕಾರ್ಡು ಬದಲಾಗಿ
ತನ್ನ ವಿಳಾಸವೇ ತಿಳಿಯದೆ ತಡವರಿಸಿತು.
ನಿಧಾನಕ್ಕೆ ಹೇಳಿಕೊಟ್ಟೆವು.
ಆಮೇಲೆ ಒಂದೊಂದೇ ನೆನಪು ಬಂತು:
ನೂರಾ ಹನ್ನೆರಡು ಟ್ರೈಲರು,
ಮೂರು ಗಾಡಿ ಪ್ಲೈವುಡ್ಡು,
ಪಶುವೈದ್ಯರ ಚೀಟಿ ಇನ್ನೂ ಬಾರದ ಒಂದು ಕುದುರೆ.

ಹೊರಗೆ ಮಂಜಿನಲ್ಲಿ ಹಡಗು ಕೂಗಿತು.
ನೀನು ಟೇಪು ಹರಿದು
ಹಳೆಯ ಸರ್ವರಿನ ಹಣೆಗೆ ಅಂಟಿಸಿ
‘೧೫’ ಎಂದು ಬರೆದೆ, ಸಣ್ಣಗೆ.

ಪೆನ್ನು ಕಿತ್ತುಕೊಂಡು
ನಾನು ಅದನ್ನೇ ದಪ್ಪ ಮಾಡಿದೆ.