ಗುರುವಾರದ ಅಳತೆ

ಅಗ್ನಿಶಾಮಕ ಠಾಣೆಯ ಮೇಲಿನ ಕೋಣೆ. ಗುರುವಾರ, ನಾಲ್ಕು ಗಂಟೆ.
ಬೆಸ್ಕಿದ್ ಬೆಟ್ಟಗಳಾಚೆ ಸೂರ್ಯ ಆಗಲೇ ಅಂಗಡಿ ಮುಚ್ಚಿದ್ದಾನೆ.
ಬೂಟುಗಳ ಹಿಮ ಕರಗಿ ಬಾಗಿಲ ಬಳಿ ಒಂದು ಸಣ್ಣ ಕೆರೆ.
ಅಳತೆಯ ಟೇಪು ನನ್ನ ಕೊರಳಲ್ಲಿ, ದಪ್ಪ ವಹಿ ಮುಂದೆ:
ಯಾರು, ಏನು, ಹೋದ ವಾರದಿಂದ ಎಷ್ಟು ಬೆಳೆಯಿತು.
ಇಪ್ಪತ್ತೆರಡು ವರ್ಷದಿಂದ ಇದೇ ಕೆಲಸ.
ಸಂಬಳ ಒಂದು ಲೋಟ ಚಹಾ, ಒಂದು ನಿಂಬೆಯ ಬಿಲ್ಲೆ.

ಬ್ರೋನಿಸ್ಲಾವಾ ಮೇಜಿನ ಮೇಲೆ ಹರಡುತ್ತಾಳೆ
ಚರ್ಚಿನ ಪೀಠಕ್ಕೆಂದು ಹೊರಟ ಅಂಚು.
"ಹನ್ನೊಂದು ಸೆಂಟಿಮೀಟರ್," ಅನ್ನುತ್ತೇನೆ.
"ಹನ್ನೆರಡು," ಅನ್ನುತ್ತಾಳೆ, ಎಳೆದು ಹಿಡಿದು.
ಎಳೆದರೆ ಎಲ್ಲರದ್ದೂ ಹನ್ನೆರಡೇ.

ಮರದ ಲಾರಿಯ ಪ್ಶೆಮೆಕ್ ತಂದದ್ದು ಟೋಪಿ,
ಇನ್ನೂ ಹುಟ್ಟದ ಮಗುವಿಗೆ.
ಅವನ ಬೆರಳುಗಳ ನಡುವೆ ಕೊಕ್ಕೆಸೂಜಿ ಬರೀ ಹಲ್ಲುಕಡ್ಡಿ.
ಇದು ಕುಂಬಳಕಾಯಿಗೆ ಆದೀತು ಎಂದು ಯಾರೂ ಹೇಳಲಿಲ್ಲ.
ಕಂಬಗಳೆಲ್ಲ ಒಂದೇ ಎತ್ತರಕ್ಕಿವೆ, ಭೇಷ್, ಅಂದೆವು.
ಯೊಲಾಂತಾ ತನ್ನದನ್ನು ಅರ್ಧ ತೋರಿಸಿ
ಅರ್ಧ ಕರವಸ್ತ್ರದಡಿ ಮುಚ್ಚಿಡುತ್ತಾಳೆ.
ನಮೂನೆ ಕದಿಯುವ ಕಣ್ಣುಗಳಿವೆಯಂತೆ ನಮ್ಮಲ್ಲಿ.
ಇವೆ. ಎರಡು ನನ್ನವೇ.

ಹೆರ್ಮಿನಾ ಚೀಲ ತೆರೆದದ್ದು ಕೊನೆಗೆ.
ದುಂಡು ಮೇಜುಬಟ್ಟೆ, ತಂಗಿ ಲುದ್ವಿನಾಳದ್ದು,
ಮೂವತ್ತೊಂದನೆಯ ಸುತ್ತು ಅರ್ಧಕ್ಕೆ ಬಿಟ್ಟು
ಸೆಪ್ಟೆಂಬರಿನಲ್ಲಿ ಹೋದವಳದ್ದು.
ಆ ಹೂ ಅವಳೊಬ್ಬಳಿಗೇ ಬರುತ್ತಿತ್ತು.
ಬರೆದಿಡು ಮಾರಾಯ್ತಿ ಅಂದರೆ,
"ಬೆರಳಿಗೆ ಗೊತ್ತು, ನನಗೇನು ಗೊತ್ತು?" ಎಂದು ನಗುತ್ತಿದ್ದಳು.

ಟೇಪು ಹಿಡಿದೆ. ಹೋದ ವಾರಕ್ಕಿಂತ ಎರಡು ಸೆಂಟಿಮೀಟರ್ ಕಡಿಮೆ.
ತಪ್ಪಿರಬೇಕೆಂದು ಮತ್ತೆ ಹಿಡಿದೆ.
"ಸರಿಯಾಗೇ ಇದೆ," ಅಂದಳು ಹೆರ್ಮಿನಾ. "ಬಿಚ್ಚಿದೆ."
ಚಹಾದ ಚಮಚೆಗಳು ನಿಂತವು.
ಸತ್ತವರ ಕೈಕೆಲಸ ಬಿಚ್ಚುವುದೆ!
ಬ್ರೋನಿಸ್ಲಾವಾ ಎದೆಯ ಮೇಲೆ ಶಿಲುಬೆ ಬರೆದುಕೊಂಡಳು.
ನನಗೋ, ನಾಚಿಕೆಯಾಗುತ್ತದೆ ಹೇಳಲು, ಬೇರೆಯೇ ಚಿಂತೆ:
ಈ ವಹಿಯಲ್ಲಿ ಕಳೆಯುವ ಗುರುತಿಗೆ ಜಾಗವೇ ಇಲ್ಲ.

ವಾರ ವಾರವೂ ಕಿರಿದಾಗುತ್ತ ಬಂತು ಬಟ್ಟೆ.
ತಟ್ಟೆಯಷ್ಟು. ಬಟ್ಟಲಿನ ಅಡಿಯಷ್ಟು.
ಪಕ್ಕದಲ್ಲಿ ಉಂಡೆ ದಪ್ಪವಾಗುತ್ತ.
ಬಿಚ್ಚಿದ ನೂಲು ನೆಟ್ಟಗಾಗದು,
ಕೂತ ಕುಣಿಕೆಯ ಡೊಂಕು ಬಿಡದು,
ಬಹುಕಾಲ ಜಡೆಯಲ್ಲಿದ್ದ ಕೂದಲಿನ ಹಾಗೆ.
ಎಳೆ ಎಳೆಯಾಗಿ ಬಿಡಿಸಿ ಹೇಳು ಅನ್ನುತ್ತೇವಲ್ಲ,
ಹಾಗೆ ಕೇಳುತ್ತಿದ್ದಳು ತಂಗಿಯನ್ನು:
ಇಲ್ಲಿ ಯಾಕೆ ಹಿಂದಿರುಗಿದೆ?
ಮೂರು ಬಿಟ್ಟು ನಾಲ್ಕನೆಯದಕ್ಕೆ ಯಾಕೆ ಹಾರಿದೆ?
ಜಾರುವ ಒಂದೊಂದು ಕುಣಿಕೆಗೂ ನಿಂತು,
ತುಟಿಯಲ್ಲಿ ಎಣಿಸಿ, ತಲೆಯಾಡಿಸಿ.
ಹದಿನೇಳನೆಯ ಸುತ್ತು ಬಿಡಿಸುವುದಕ್ಕೇ ಎರಡು ವಾರ ಹಿಡಿಯಿತು.
"ನಾವು ಮಾತು ಬಿಟ್ಟಿದ್ದ ತಿಂಗಳದು.
ಉಗುರು ಹೋಗದಷ್ಟು ಬಿಗಿ ಹೆಣೆದಿದ್ದಾಳೆ," ಅಂದಳು.
ಯಾರೂ ಏನೂ ಕೇಳಲಿಲ್ಲ. ಪ್ಶೆಮೆಕ್ ಸಕ್ಕರೆ ದಾಟಿಸಿದ.

ಮಾರ್ಚ್. ಸೂರಿನಿಂದ ತೊಟ್ಟಿಕ್ಕುವ ಸದ್ದು.
ಗುಂಡಿಯಷ್ಟು ಉಳಿದಿದ್ದನ್ನು ನಮ್ಮೆದುರೇ ಎಳೆದಳು.
ಏನೂ ಇಲ್ಲ ಮೇಜಿನ ಮೇಲೆ, ಉಂಡೆಯೊಂದೇ.
ನನ್ನ ಪೆನ್ನು ಸೊನ್ನೆಯ ಮೇಲೆ ತೂಗುತ್ತಿರುವಾಗ
ಅವಳು ಕೊಕ್ಕೆಸೂಜಿ ಎತ್ತಿಕೊಂಡಳು.
ಆರು ಸರಪಳಿ. ಕೂಡಿಸಿದಳು. ಒಂದು ಉಂಗುರ.
ಒಂಬತ್ತು ತಲೆಗಳು ಒಂದೇ ದೀಪದಡಿ ಬಾಗಿದವು.
ಯೊಲಾಂತಾ ಸರಿಯಾಗಿ ಕಾಣಲೆಂದು
ಅಡ್ಡ ಬಂದ ತನ್ನ ಕರವಸ್ತ್ರವನ್ನು ತಾನೇ ಸರಿಸಿದಳು,
ಅದರಡಿ ಇದ್ದದ್ದನ್ನು ಯಾರೂ ನೋಡಲಿಲ್ಲ, ನಾನೂ.

ಟೇಪು ಹಿಡಿದೆ. ಅದರ ತಗಡಿನ ತುದಿಯಡಿಗೇ
ಮುಚ್ಚಿಹೋಯಿತು ಉಂಗುರ.
"ಅರ್ಧ ಸೆಂಟಿಮೀಟರ್ ಇರಬಹುದು," ಅಂದೆ.
"ಎಳೆದರೆ ಒಂದು," ಅಂದಳು ಬ್ರೋನಿಸ್ಲಾವಾ.

ಒಂದು ಎಂದೇ ಬರೆದೆ.