ಇಲ್ಲದ ನಲ್ಲಿ

ಊರಿನ ಹೆಸರು ವುಚ್.
ನಮ್ಮ ಪೋಲಿಷ್ ಮಾತಿನಲ್ಲಿ ಹಾಗೆಂದರೆ ದೋಣಿ.
ಹೊಳೆ ಎಲ್ಲಿ ಎಂದು ಕೇಳಬೇಡಿ;
ಗಿರಣಿಗಳು ಕುಡಿದು ಮಿಕ್ಕಿದ್ದನ್ನು
ನೆಲದಡಿಯ ಕೊಳವೆಗೆ ತಳ್ಳಿ ಎಷ್ಟೋ ಕಾಲವಾಯಿತು.

ನಾನು ದಾಖಲೆ ಕೋಣೆಯ ಜೆನೋನ್.
ಕೇಳಿದ ಕಡತ ತರುವುದು, ಧೂಳು ಕೊಡವುವುದು,
ಐದಕ್ಕೆ ದೀಪ ಆರಿಸುವುದು.
ಬಂದವರೆಲ್ಲ ಕಂದಾಯದ ಲೆಕ್ಕ ಕೇಳುತ್ತಾರೆ.
ಒತೀಲಿಯಾ ಮಾತ್ರ ಕಾದಂಬರಿ ಕೇಳಿದಳು.

ಹಳೇ ಪತ್ರಿಕೆಯಲ್ಲಿ ವಾರಕ್ಕೊಂದು ಕಂತು,
ಬರೆದವನ ಹೆಸರಿಲ್ಲ, ಕಾಗದ ಹಪ್ಪಳ.
'ಕಟ್ಟುಕತೆಯಲ್ಲಿ ಏನಮ್ಮಾ ಚರಿತ್ರೆ?' ಎಂದೆ.
ತಲೆ ಎತ್ತಲಿಲ್ಲ. ಬೆರಳಿಟ್ಟು ತೋರಿಸಿದಳು:

ರೊಜಾಲಿಯಾ ಎಂಬ ನೂಲುವ ಹುಡುಗಿ
ಮರದ ಜೋಡು ಕೈಯಲ್ಲಿ ಹಿಡಿದು ಮೆಟ್ಟಿಲೇರುತ್ತಾಳೆ,
ಸದ್ದಾದರೆ ಮನೆಯೊಡತಿಗೆ ಬಾಡಿಗೆ ನೆನಪಾದೀತೆಂದು.
ಸೋಮವಾರ ಹೊಳೆ ನೀಲಿ, ಗುರುವಾರ ಕೆಂಪು;
ಯಾವ ಗಿರಣಿಗೆ ಎಂಥ ಆರ್ಡರು ಬಂತೆಂದು
ನೀರು ನೋಡಿ ಹೇಳುತ್ತಾರೆ ಮಕ್ಕಳು.
ನನ್ನ ಕಡತಗಳಲ್ಲಿ ಹೊಳೆಗೆ ಅಗಲ ಇದೆ, ಆಳ ಇದೆ.
ಬಣ್ಣ ಇಲ್ಲ.

ಆದರೂ ಹದಿನಾಲ್ಕನೇ ಕಂತಿನಲ್ಲಿ ಸಿಕ್ಕಿಬಿದ್ದ ಕಳ್ಳ.
ಬೀದಿ ಮೂಲೆಯ ನಲ್ಲಿಯ ಹತ್ತಿರ
ಕೊಡ ತುಂಬುವ ನೆಪದಲ್ಲಿ ರೊಜಾಲಿಯಾ ಕಾಯುತ್ತಾಳೆ
ಬಣ್ಣ ಹಾಕುವ ಹುಡುಗನಿಗಾಗಿ.
ಇಡೀ ಒಂದು ಅಧ್ಯಾಯ ತುಂಬುತ್ತದೆ ಆ ಕೊಡ.

ನಲ್ಲಿಯೇ?
ಗೆದ್ದವನಂತೆ ನಕ್ಷೆ ಹಾಸಿದೆ, ಬಜೆಟ್ಟಿನ ಪುಸ್ತಕ ಹೊತ್ತು ತಂದೆ.
ಆ ಕಾಲದಲ್ಲಿ ಆ ಬೀದಿಗೆ ನಲ್ಲಿ ಎಲ್ಲಿಂದ ಬರಬೇಕು?
ಅಂಗಳದ ಬಾವಿ, ಗಾಡಿಯಲ್ಲಿ ಮಾರುವ ನೀರು, ಅಷ್ಟೇ.
'ಸುಳ್ಳುಗಾರ ನಿಮ್ಮವನು' ಎಂದೆ.

'ಹೌದು, ಸುಳ್ಳು' ಎಂದಳು. ಬರೆದುಕೊಂಡಳು.
ಆಮೇಲೆ ಪೆನ್ಸಿಲು ಕಚ್ಚುತ್ತ:
'ಹೇಗೂ ಸುಳ್ಳು ಹೇಳುವವನು
ಆ ಮೂಲೆಗೆ ಮರ ನೆಡಬಹುದಿತ್ತು,
ದೀಪದ ಕಂಬ, ಒಂದು ಬೆಂಚು.
ನಲ್ಲಿಯನ್ನೇ ಯಾಕಿಟ್ಟ?'
ಉತ್ತರಕ್ಕೆ ಕಾಯದೆ ಚಹಾಕ್ಕೆ ಹೋದಳು.

ನನ್ನಜ್ಜಿಯ ಬಲಭುಜ
ಎಡದ್ದಕ್ಕಿಂತ ಎರಡು ಬೆರಳು ತಗ್ಗಿತ್ತು.
ನಾಲ್ಕು ಮಹಡಿ, ದಿನಕ್ಕೆ ಆರು ಬಕೆಟ್ಟು.
ಫೋಟೋ ತೆಗೆಯುವವನು
ನೇರ ನಿಲ್ಲಮ್ಮಾ ಎಂದು ಗದರಿಸಿದ್ದನಂತೆ.
ನೇರವೇ ನಿಂತಿದ್ದೆ, ಎನ್ನುತ್ತಿದ್ದಳು, ಸಾಯುವವರೆಗೂ.

ಐದಾಯಿತು. ಪತ್ರಿಕೆಯ ಕಟ್ಟು ಕಪಾಟಿಗೆ ಸೇರಬೇಕು.
ರಿಜಿಸ್ಟರಿನಲ್ಲಿ ನನಗಿಂತ ಹಿಂದಿನವನು
ಬಾಬತ್ತು ಎಂಬ ಅಂಕಣದಲ್ಲಿ
'ಕತೆ, ಮನರಂಜನೆ' ಎಂದು ಗುಂಡಗೆ ಬರೆದಿದ್ದಾನೆ.
ಆ ಕಡೆ ಈ ಕಡೆ ನೋಡಿ
ಒಂದು ಗೀಟು ಎಳೆದೆ.
ಪಕ್ಕದಲ್ಲಿ ನನ್ನ ಕೋಳಿಕಾಲು ಅಕ್ಷರ:
ನೀರು ಸರಬರಾಜು.