ಆರನೇ ಗೂಡು

ಕೊನ್ಸೆಪ್ಸಿಯೋನ್. ರಾತ್ರಿ ಎರಡೂವರೆ.
ಆರನೇ ಗೂಡಿನ ದೀಪ ಹಳದಿಗೆ ತಿರುಗಿದೆ.
ಎಲ್ಸೀರಾ ಡಿಸ್ಕನ್ನು ಎಳೆದಳು,
ಇನ್ನೂ ಕಾವಿತ್ತು, ಈಗಷ್ಟೇ ಇಟ್ಟ ಮೊಟ್ಟೆಯ ಹಾಗೆ.
ಹೊಸದನ್ನು ತಳ್ಳಿದಳು; ಕೊಂಡಿ ಟಿಕ್ಕೆಂದಿತು.

ಸತ್ತದ್ದರ ಮಾತನ್ನು ಇನ್ನು
ಉಳಿದ ಹನ್ನೊಂದೇ ಸೇರಿ ಹೇಳಬೇಕು,
ತಂತಮ್ಮ ಶೇಷ ಕೂಡಿ, ಕಳೆದು.
ಹದಿನಾಲ್ಕು ಶೇಕಡ. ಇನ್ನೂ ಹತ್ತೊಂಬತ್ತು ಗಂಟೆ.
ಐದು ಊರಿನ ಸರ್ವರ್‌ಗಳು ತಂತಿಯ ತುದಿ ಹಿಡಿದು ಕಾದಿವೆ.

"ಮತ್ತೊಂದು ಹೋದರೆ?" ಕಾವಲಿನ ನಿಬಾಲ್ದೊ.
"ತಾಳುತ್ತೆ. ಎರಡನೇದು ಕೇಳಬೇಡ."

ಒಳಗಿರುವುದೆಲ್ಲ ನೆಲ ನಡುಗಿದ ಲೆಕ್ಕ:
ನಲವತ್ತು ವರ್ಷ, ಸೆಕೆಂಡಿಗೆ ನೂರು ಅಂಕಿ.

ಆಗ ಚಹಾದ ಮೇಲೆ ಉಂಗುರವೆದ್ದಿತು.
ಚರಣಿಗೆ ಗಡಗಡ.
ಇಬ್ಬರೂ ಅದನ್ನು ತಬ್ಬಿ ನಿಂತರು, ಉಸಿರು ಬಿಗಿಹಿಡಿದು.

ನಿಂತಿತು.
ಶೇಕಡ ಅದೇ ಹದಿನಾಲ್ಕು.
ಹಸಿರು ದೀಪಗಳು ಮಾತ್ರ ಹುಚ್ಚೆದ್ದು ಮಿನುಗುತ್ತಿದ್ದವು,
ತಮ್ಮನ್ನು ಅಲುಗಿಸಿದ್ದನ್ನೇ
ಬರೆದುಕೊಳ್ಳುತ್ತ.